ಸ್ಟ್ರಾಸ್‌ಬರ್ಗಲ್ಲಿ ಜರ್ಮನ್ ನಡೆಯುತ್ತಾ ಅಂತ ಕೇಳಿದ್ದೀಯಲ್ಲ

ತಮ್ಮಾ, ಕುಕ್ಕರ್ ತರಬೇಕಾ, ರೂಮು ಸಿಗುತ್ತಾ, ಫ್ರೆಂಚ್ ಬರದಿದ್ದರೂ ಕಲಿತ ಜರ್ಮನ್ ಸಾಕಾ ಅಂತ ಕೇಳಿದ್ದೀಯ. ಕುಕ್ಕರ್ ತಾ, ಇಂಡಕ್ಷನ್‌ಗೆ ಆಗುವಂಥದ್ದು. ರೂಮು ಈಗಿನಿಂದಲೇ ಹುಡುಕು. ಜರ್ಮನ್ ವಿಷಯ ಮಾತ್ರ ಸ್ವಲ್ಪ ಉದ್ದ ಇದೆ.

2009ರಲ್ಲಿ ನಾನು ಬಂದಾಗಲೂ ಬೆಂಗಳೂರಲ್ಲಿ ಕಲಿತ ಜರ್ಮನ್ ಒಂದೇ ಗತಿ. ಸ್ಟ್ರಾಸ್‌ಬರ್ಗ್ ಇರೋದು ಅಲ್ಸಾಸ್‌ನಲ್ಲಿ, ಜರ್ಮನಿ ಗಡಿಗೆ ಅಂಟಿದ ಫ್ರಾನ್ಸಿನ ಸೀಮೆ. ಕೆಳಗಿನ ಮನೆ ಅಜ್ಜಿ ಆಡುವ ಅಲ್ಸಾಸ್ ಮಾತು ಹೆಚ್ಚುಕಮ್ಮಿ ಜರ್ಮನ್ ಥರಾನೇ ಕೇಳಿಸಿತು, ನನಗೋ ಖುಷಿ, ಬಾಯಿಬಿಟ್ಟೆ. ಅವರೂ ನಗುತ್ತಲೇ ಮಾತಾಡಿದರು. ನಾನು ಕೋಡುಬಳೆ ಕೊಟ್ಟ ಡಬ್ಬಿಯಲ್ಲಿ ಅವರ ಕೂಗಲ್‌ಹಾಫ್ ಕೇಕ್ ತುಂಬಿ ಬರುತ್ತಿತ್ತು. ಒಂದಿನ ಡ್ರಾಯರಿಂದ ಅಣ್ಣನ ಫೋಟೋ ತೆಗೆದರು. ಹದಿನೆಂಟರ ಹುಡುಗ, ಮೈಮೇಲೆ ಜರ್ಮನ್ ಸೈನ್ಯದ ಸಮವಸ್ತ್ರ. "ಓ, ನಿಮ್ಮಣ್ಣ ಹಿಟ್ಲರ್ ಕಡೆಯವರಾ?" ಅಂದುಬಿಟ್ಟೆ, ಸುಮ್ನೆ. ಅವರು ಫೋಟೋ ಮಗುಚಿಟ್ಟರು. "ಮಾಲ್‌ಗ್ರೆ ನೂ" ಅಂದರು. ನಮಗೆ ಇಷ್ಟವಿಲ್ಲದಿದ್ದರೂ, ಅಂತ. ಆಮೇಲೆ ಡಬ್ಬಿ ವಾಪಸ್ ಬಂತು. ತೊಳೆದು ಒರೆಸಿ, ಖಾಲಿ. ಅದರರ್ಥ ನಿನಗೆ ಬಿಡಿಸಿ ಹೇಳಬೇಕಾ.

ಕಥೆ ನಾನು ಓದಿಕೊಂಡದ್ದು ಆಮೇಲೆ. 1940ರ ಜೂನ್‌ನಲ್ಲಿ ಫ್ರಾನ್ಸ್ ಸೋತಾಗ, ಅಲ್ಸಾಸ್ ಜರ್ಮನಿಗೆ ಸೇರಿತು ಅಂತ ಕದನವಿರಾಮದ ಒಪ್ಪಂದದಲ್ಲಿ ಎಲ್ಲೂ ಇರಲಿಲ್ಲ. ಆದರೂ ರೈನ್ ನದಿಯಾಚೆಯ ಜರ್ಮನ್ ಪ್ರಾಂತ್ಯ ಬಾಡೆನ್‌ನ ನಾಜಿ ಮುಖಂಡ ರಾಬರ್ಟ್ ವಾಗ್ನರ್ ಇಲ್ಲಿ ನಾಗರಿಕ ಆಡಳಿತದ ಮುಖ್ಯಸ್ಥನಾಗಿ ಬಂದು ಕೂತ. ಶಾಲೆಯಲ್ಲಿ ಫ್ರೆಂಚ್ ಬಂದ್, ಅಂಗಡಿ ಬೋರ್ಡಿಂದ ಬಂದ್. ಜಾನ್ ಅಂತಿದ್ದವನು ಹಾನ್ಸ್ ಆಗಬೇಕು. ತಲೆಮೇಲಿನ ಫ್ರೆಂಚ್ ಬೆರೆ ಟೋಪಿಗೂ ನಿಷೇಧ. ನೀನು ಟ್ರಾಮ್ ಇಳಿಯುವ ಬ್ರೋಗ್ಲಿ ಚೌಕಕ್ಕೆ ಹಿಟ್ಲರ್ ಹೆಸರು. ಬೆಳಗಾವಿಯವನು ನೀನು, ಬೋರ್ಡಿನ ಜಗಳ ಗೊತ್ತು, ಆದರೆ ನಮ್ಮಲ್ಲಿ ಯಾರೂ ನಿನ್ನ ಹೆಸರನ್ನೇ ತಿದ್ದಲಿಲ್ಲ ಅಲ್ವಾ. 1942ರ ಆಗಸ್ಟ್ 25ಕ್ಕೆ ಇಲ್ಲಿನ ಹುಡುಗರು ಜರ್ಮನ್ ಸೈನ್ಯಕ್ಕೆ ಸೇರಲೇಬೇಕು ಅಂತ ಆದೇಶ ಬಂತು. ಅಲ್ಸಾಸ್‌ನಿಂದಲೇ ಸುಮಾರು 1 ಲಕ್ಷ ಜನ, ಜಾಸ್ತಿ ಜನರನ್ನು ರಷ್ಯಾ ಕಡೆಗೆ ಕಳಿಸಿದರು. ಓಡಿಹೋದರೆ ಮನೆಯವರನ್ನು ಜರ್ಮನಿಗೆ ಸಾಗಿಸುತ್ತಿದ್ದರು. ಅಜ್ಜಿಯ ಅಣ್ಣ ಓಡಲಿಲ್ಲ, ವಾಪಸ್ಸೂ ಬರಲಿಲ್ಲ. ಯುದ್ಧ ಮುಗಿದು ಅಲ್ಸಾಸ್ ಮತ್ತೆ ಫ್ರಾನ್ಸ್ ಕೈಗೆ ಬಂದ ಮೇಲೆ ಎಲ್ಲ ಉಲ್ಟಾ. ಶಾಲೆಯಲ್ಲಿ ಅಲ್ಸಾಸ್ ಮಾತಾಡಿದರೆ ಮಕ್ಕಳಿಗೆ ಶಿಕ್ಷೆ.

ಕ್ಷಮಿಸಿ ಅನ್ನುವಷ್ಟು ಫ್ರೆಂಚ್ ನನಗೆ ಮೊದಲ ತಿಂಗಳಲ್ಲೇ ಬಂದಿತ್ತು. ಆದರೂ ಆ ಅಜ್ಜಿ ತೀರಿಕೊಳ್ಳುವವರೆಗೂ ಮೆಟ್ಟಿಲ ಮೇಲೆ ತಲೆಬಾಗಿಸಿ ಹೋಗುತ್ತಿದ್ದೆ.

ಹಾಗಾಗಿ ಮೊದಲು ಬೋಂಜೂರ್ ಅಂತ ಫ್ರೆಂಚಲ್ಲೇ ನಮಸ್ಕಾರ ಹೇಳು, ಉಚ್ಚಾರ ಕೆಟ್ಟರೂ ಪರವಾಗಿಲ್ಲ. ಅವರಾಗೇ ಜರ್ಮನ್‌ಗೆ ತಿರುಗಿದರೆ ನೀನೂ ತಿರುಗು. ಬಾಯಿ ತುರಿಸಿದರೆ ಡಿ ಟ್ರಾಮ್ ಹತ್ತಿ ಸೇತುವೆ ದಾಟು, ಕೇಲ್ ಬರುತ್ತೆ, ಅದು ಜರ್ಮನಿ, ಅಲ್ಲಿ ಎಷ್ಟು ಬೇಕಾದರೂ ಮಾತಾಡು. ಕೋಡುಬಳೆ ಮಾತ್ರ ಎರಡು ಡಬ್ಬಿ ತಾ, ಒಂದು ನನಗೆ.