ಲಿವರ್ ಗಡ್ಡೆಗೆ ಡೈ ಹಾಕದೆ ಸಿಟಿ ಮಾಡಿಸಬಹುದಾ?

"ಅಮ್ಮನಿಗೆ 60 ದಾಟಿದೆ, ಶುಗರ್ ಇದೆ. ಲಿವರ್‌ನಲ್ಲಿ ಸಣ್ಣ ಗಡ್ಡೆ ಕಂಡಿದೆ, ಡೈ ಹಾಕಿ ಸಿಟಿ ಮಾಡಿಸಿ ಅಂದಿದ್ದಾರೆ. ಡೈನಿಂದ ಕಿಡ್ನಿ ಹಾಳಾಗುತ್ತೆ ಅಂತಾರಲ್ಲ, ಪ್ಲೇನ್ ಸ್ಕ್ಯಾನ್ ಸಾಲದಾ?" ಅಂತ ಕೇಳಿದ್ದೀರಿ.

ಸಾಲದು. ನಾನು ಜಯನಗರದ ಕಡೆ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಸಿಟಿ ಟೆಕ್ನಿಷಿಯನ್. ಕಿಡ್ನಿ ಕಲ್ಲಿಗೆ, ತಲೆಗೆ ಪೆಟ್ಟು ಬಿದ್ದು ರಕ್ತಸ್ರಾವ ಆಗಿದೆಯಾ ಅಂತ ನೋಡೋಕೆ ಪ್ಲೇನ್ ಸಾಕು. ಲಿವರ್‌ನ ಗಡ್ಡೆಗಾದರೆ ಸುಮ್ನೆ ದುಡ್ಡು ದಂಡ, ಮತ್ತೆ ಡೈ ಹಾಕಿಸಿಕೊಂಡು ಬನ್ನಿ ಅಂತಲೇ ಕಳಿಸುತ್ತಾರೆ.

ಡೈ ನೋಡೋಕೆ ನೀರಿನ ಹಾಗೆ ತಿಳಿಯಾಗಿರುತ್ತದೆ, ಅದರಲ್ಲಿರುವುದು ಅಯೋಡಿನ್. ಅಯೋಡಿನ್‌ನ ಪರಮಾಣು ಸಂಖ್ಯೆ 53. ನಮ್ಮ ಮೈಯಲ್ಲಿ ಜಾಸ್ತಿ ಇರುವ ಕಾರ್ಬನ್‌ದು 6, ಆಕ್ಸಿಜನ್‌ದು 8. ಈ ಸಂಖ್ಯೆ ದೊಡ್ಡದಿದ್ದಷ್ಟೂ ಸಿಟಿಯ ಎಕ್ಸ್-ರೇಗೆ ತಡೆ ಜಾಸ್ತಿ. ಹಾಗಾಗಿ ಅಯೋಡಿನ್ ಎಕ್ಸ್-ರೇಯನ್ನು ಚೆನ್ನಾಗಿ ತಡೆಯುತ್ತದೆ, ಡೈ ಹರಿಯುವ ಜಾಗ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಡೈ ಇಲ್ಲದಿದ್ದರೆ ಎಷ್ಟೋ ಸಲ ಗಡ್ಡೆಯೂ ಬೂದು, ಲಿವರ್ರೂ ಬೂದು.

ಲಿವರ್‌ಗೆ ರಕ್ತ ಎರಡು ದಾರಿಯಿಂದ ಬರುತ್ತದೆ. ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ವೇನ್‌ನಿಂದ, ಉಳಿದದ್ದು ಅಪಧಮನಿಯಿಂದ. ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್ ಮಾತ್ರ ಹೆಚ್ಚಾಗಿ ಅಪಧಮನಿಯ ರಕ್ತ ಕುಡಿದೇ ಬೆಳೆಯುತ್ತದೆ. ಅದಕ್ಕೇ ಡೈ ಬಿಟ್ಟು ಸುಮಾರು 35 ಸೆಕೆಂಡ್ ಆದಾಗ ಒಂದು ಸಲ ಸ್ಕ್ಯಾನ್ ಮಾಡುತ್ತೇವೆ, ಆಗ ಅಂಥ ಗಡ್ಡೆ ಬೆಳ್ಳಗೆ ಎದ್ದು ಕಾಣುತ್ತದೆ. 70 ಸೆಕೆಂಡಿನ ಹೊತ್ತಿಗೆ ಮತ್ತೊಮ್ಮೆ, ಅಷ್ಟರಲ್ಲಿ ಲಿವರ್ ಬೆಳ್ಳಗಾಗಿ ಗಡ್ಡೆ ಮಂಕಾಗತೊಡಗುತ್ತದೆ. ನಿರಪಾಯದ ರಕ್ತನಾಳದ ಗಡ್ಡೆ, ಹೆಮಾಂಜಿಯೋಮಾ ಅಂತಾರಲ್ಲ, ಅದು ಅಂಚಿನಿಂದ ಒಳಗೆ ನಿಧಾನವಾಗಿ ತುಂಬಿಕೊಳ್ಳುತ್ತದೆ. ಎಷ್ಟೋ ಜನ ಬಯಾಪ್ಸಿ, ಅಂದರೆ ಗಡ್ಡೆಯ ತುಣುಕು ತೆಗೆದು ನೋಡುವ ಪರೀಕ್ಷೆ, ಇಲ್ಲದೆ ಮನೆಗೆ ಹೋಗುವುದು ಇದೇ ಚಿತ್ರದ ದಯೆಯಿಂದ.

ಕಿಡ್ನಿ ವಿಷಯಕ್ಕೆ ಬರೋಣ. ಡೈ ಹೊರಗೆ ಹೋಗುವುದು ಮೂತ್ರದಲ್ಲಿ, ಕಿಡ್ನಿ ಸರಿ ಇದ್ದರೆ ಒಂದು ದಿನದೊಳಗೆ ಹೆಚ್ಚುಕಡಿಮೆ ಪೂರ್ತಿ ಹೋಗಿಬಿಡುತ್ತದೆ. ಕ್ರಿಯಾಟಿನಿನ್ ಟೆಸ್ಟ್ ಕೇಳುವುದು ಇದಕ್ಕೇ. ಅದರಿಂದ ಇಜಿಎಫ್‌ಆರ್, ಅಂದರೆ ಕಿಡ್ನಿ ರಕ್ತವನ್ನು ಎಷ್ಟು ಚೆನ್ನಾಗಿ ಸೋಸುತ್ತಿದೆ ಅನ್ನೋ ಅಂಕಿ, ಲೆಕ್ಕ ಹಾಕುತ್ತಾರೆ, ಅದು 30ಕ್ಕಿಂತ ಕಡಿಮೆ ಇದ್ದರೆ ನಿಜವಾಗಿಯೂ ಎಚ್ಚರ ಬೇಕು. ಶುಗರ್ ಇದೆ ಅನ್ನೋ ಒಂದೇ ಕಾರಣಕ್ಕೆ ಹೆದರಬೇಡಿ, ರಿಪೋರ್ಟ್ ನೋಡಿ. ಅಮ್ಮ ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ. ಕಿಡ್ನಿ ದುರ್ಬಲ ಇದ್ದರೆ ಅದನ್ನು 48 ಗಂಟೆ ನಿಲ್ಲಿಸಿ, ಮತ್ತೆ ಕಿಡ್ನಿ ಟೆಸ್ಟ್ ನೋಡಿ ಶುರು ಮಾಡಿಸುತ್ತಾರೆ. ನೀವಾಗಿ ನಿಲ್ಲಿಸಬೇಡಿ, ಡಾಕ್ಟರನ್ನೇ ಕೇಳಿ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಹಿಂದೆ ಯಾವಾಗಲಾದರೂ ಡೈ ಹಾಕಿದಾಗ ಮೈ ಗಂಧೆ ಎದ್ದಿತ್ತಾ, ಉಸಿರು ಕಟ್ಟಿತ್ತಾ ಅನ್ನೋದು. ಹೌದಾದರೆ ಮುಚ್ಚಿಡಬೇಡಿ. ಸಿಗಡಿ ತಿಂದರೆ ಅಲರ್ಜಿ, ಹಾಗಾಗಿ ಡೈ ಆಗಲ್ಲ ಅಂತ ಕೆಲವರು ಹೇಳುತ್ತಾರೆ, ಅದು ತಪ್ಪು. ಸಿಗಡಿಯ ಅಲರ್ಜಿ ಬರುವುದು ಅದರ ಪ್ರೋಟೀನ್‌ನಿಂದ, ಅಯೋಡಿನ್‌ನಿಂದಲ್ಲ.

ಅಮ್ಮನಿಗೆ ಇದೊಂದನ್ನು ಮೊದಲೇ ಹೇಳಿಡಿ. ಇಂಜೆಕ್ಟರ್ ಡೈ ತಳ್ಳುತ್ತಿದ್ದಂತೆ ಗಂಟಲಿನಿಂದ ಕೆಳಹೊಟ್ಟೆವರೆಗೆ ಬಿಸಿ ಇಳಿಯುತ್ತದೆ, ಬಾಯಲ್ಲಿ ಲೋಹದ ರುಚಿ ಬರುತ್ತದೆ, ಮೂತ್ರ ಹೋಗಿಬಿಟ್ಟಿತು ಅನಿಸುತ್ತದೆ. ಹೋಗಿರುವುದಿಲ್ಲ. ಗೊತ್ತಿಲ್ಲದವರು ಗಾಬರಿಯಾಗಿ ಅಲುಗಾಡುತ್ತಾರೆ, ಚಿತ್ರ ಕೆಡುತ್ತದೆ. ಒಂದೆರಡು ನಿಮಿಷದಲ್ಲಿ ಬಿಸಿ ತಾನಾಗಿ ಇಳಿಯುತ್ತದೆ. ಆದರೆ ಸೂಜಿ ಹಾಕಿದ ಜಾಗ ಊದಿದರೆ, ಉರಿದರೆ ತಕ್ಷಣ ಕೂಗಿ ಹೇಳಲಿ, ಮೈಕ್ ಇರುತ್ತದೆ, ನಮಗೆ ಕೇಳಿಸುತ್ತದೆ.

ಹಳೆಯ ಅಲ್ಟ್ರಾಸೌಂಡ್ ರಿಪೋರ್ಟ್ ಮನೆಯಲ್ಲಿ ಬಿಟ್ಟು ಬರಬೇಡಿ. ಸ್ಕ್ಯಾನ್ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ.