ಟರ್ಬೊ ಡೀಸೆಲ್ ಫೋರ್ ಬೈ ಫೋರ್ ಟೂರ್ ಹೋದಾಗ ಮಾತ್ರ ಇಷ್ಟು ಡೀಸೆಲ್ ಕುಡಿಯುವುದು ಯಾಕೆ? ರೀಮ್ಯಾಪ್ ಮಾಡಿಸಲಾ, ಇಂಜೆಕ್ಟರ್ ಬದಲಿಸಲಾ?

ಎರಡೂ ಬೇಡ, ಇಂಜಿನ್ನಿನ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸುವ ರೀಮ್ಯಾಪೂ ಬೇಡ, ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರೂ ಬೇಡ. ಊರಲ್ಲಿ ಲೀಟರಿಗೆ 12 ಕಿಲೋಮೀಟರ್ ಕೊಡುವ ಗಾಡಿ ಟೂರಿನಲ್ಲಿ 8.5ಕ್ಕೆ ಇಳಿಯಿತು ಅಂತ ಬರೆದಿದ್ದೀರಿ. ಅದರ ಕೆಳಗೇ, ಅದೊಂದು ವಿಷಯವೇ ಅಲ್ಲ ಅನ್ನುವ ಹಾಗೆ, ಹೊಸ ದೊಡ್ಡ ಟಯರು ಮತ್ತು ಮೇಲೆ ಕ್ಯಾರಿಯರ್ ಹಾಕಿಸಿದ್ದೇನೆ ಅಂತಲೂ ಬರೆದಿದ್ದೀರಿ. ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು. ಇದೇ ಎರಡು ಕೆಲಸ ಮಾಡಿಸಿ, ಇದೇ 8.5 ನೋಡಿ ಹೆದರಿ, ಇಂಜೆಕ್ಟರ್ ಬದಲಿಸಿದವನು ನಾನು.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮನೆಯಿಂದ ತೋಟಕ್ಕೆ ಇಳಿಯುವ ದಾರಿ ಮಳೆಗಾಲದಲ್ಲಿ ಬರೀ ಕೆಸರು. ಹಾಗಾಗಿ ಫೋರ್ ಬೈ ಫೋರ್ ನಮಗೆ ಶೋಕಿಯಲ್ಲ. ಟರ್ಬೊ ಡೀಸೆಲ್, ಪಾರ್ಟ್ ಟೈಮ್ ಫೋರ್ ವೀಲ್ (ಬೇಕೆಂದಾಗ ಮಾತ್ರ ನಾಲ್ಕೂ ಚಕ್ರ ಎಳೆಯುವಂಥದ್ದು), ಖಾಲಿ ಗಾಡಿಯೇ 2 ಟನ್ನಿನ ಹತ್ತಿರ. ಕಾಸರಗೋಡು, ಮುಳ್ಳೇರಿಯ, ಸುಳ್ಯ ಅಂತ ಓಡಾಡುವಾಗ 12 ಸಿಗುತ್ತಿತ್ತು. ನನಗೇನೂ ಬೇಜಾರಿರಲಿಲ್ಲ.

ಅಕ್ಕ, ಭಾವ, ಮಕ್ಕಳೆಲ್ಲ ಸೇರಿ ಪಂಢರಪುರಕ್ಕೆ ಹೋಗುವುದು ಅಂತ ಆಯಿತು. ಮಂಗಳೂರು, ಅಂಕೋಲ, ಅರಬೈಲು ಘಾಟಿ ಹತ್ತಿ ಹುಬ್ಬಳ್ಳಿ, ಅಲ್ಲಿಂದ ವಿಜಯಪುರ, ಸೊಲ್ಲಾಪುರ. ಟೂರ್ ಅಂದಮೇಲೆ ಗಾಡಿ ಚೆಂದ ಇರಬೇಡವಾ? ಕಂಪನಿಯ 235/70 ಆರ್16 ಟಯರು ತೆಗೆದು 245/75 ಆರ್16 ಮಡ್ ಟಯರು ಹಾಕಿಸಿದೆ. ಮೇಲೆ ಕಬ್ಬಿಣದ ಕ್ಯಾರಿಯರ್. ಅದರ ಮೇಲೆ ಆರು ಜನರ ಬ್ಯಾಗು, ಅಡುಗೆ ಪಾತ್ರೆ, ಎಲ್ಲದಕ್ಕೂ ಒಂದು ನೀಲಿ ಟರ್ಪಾಲು. ಹುಬ್ಬಳ್ಳಿ ದಾಟಿದ ಮೇಲೆ ರಸ್ತೆ ನೆಟ್ಟಗೆ, ಎದುರು ಗಾಳಿ. ಟರ್ಪಾಲಿನ ಒಂದು ಮೂಲೆ ಬಿಚ್ಚಿ ಪಟಪಟ ಬಡಿಯುತ್ತಲೇ ಇತ್ತು. ಎರಡು ಸಲ ನಿಲ್ಲಿಸಿ ಕಟ್ಟಿದೆವು, ಮೂರನೇ ಸಲ ಯಾರಿಗೂ ಇಳಿಯುವ ಮನಸ್ಸಾಗಲಿಲ್ಲ.

ಅಲ್ಲೇ ಎಲ್ಲೋ ಮುಂದೆ ಕೂತಿದ್ದ ಅಕ್ಕನ ಮಗ ಮೊಬೈಲಲ್ಲಿ ಜಿಪಿಎಸ್ ಸ್ಪೀಡ್ ನೋಡಿ, "ಮಾವ, ಮೀಟರಲ್ಲಿ 90 ಇದೆ, ಇದರಲ್ಲಿ 93 ತೋರಿಸ್ತದೆ" ಅಂದ. "ಮೊಬೈಲು ಹಾಗೇ, ಸುಮ್ನೆ ಕೂತುಕೋ" ಅಂದೆ.

ನನಗೆ 60 ಸಾವಿರ ನಷ್ಟ ಆದದ್ದು ಆ ಒಂದು ಮಾತಿನಿಂದ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೋರಾದರೂ ಓದಿ.

ಕಂಪನಿ ಟಯರು ಇರುವ ಗಾಡಿಯಲ್ಲಿ ಸ್ಪೀಡೋಮೀಟರ್ ಯಾವಾಗಲೂ ಒಂದಿಷ್ಟು ಜಾಸ್ತಿಯೇ ತೋರಿಸುತ್ತದೆ. ಬೇಕೆಂದೇ ಹಾಗೆ ಇಟ್ಟಿರುತ್ತಾರೆ. ಮೀಟರಲ್ಲಿ 90 ಇದ್ದರೆ ಮೊಬೈಲಲ್ಲಿ 87, 88 ಬರಬೇಕು. ನನ್ನದರಲ್ಲಿ ಉಲ್ಟಾ ಬರುತ್ತಿತ್ತು. ಹುಡುಗ ನೋಡಿದ್ದು ಸರಿ. ಟಯರಿನ ಮೇಲೆ ಬರೆದ ಅಂಕಿಯನ್ನೇ ನೋಡಿ: 235 ಅಂದರೆ ಟಯರಿನ ಅಗಲ, ಮಿಲಿಮೀಟರಲ್ಲಿ. 70 ಅಂದರೆ ಆ ಅಗಲದ ನೂರಕ್ಕೆ 70 ಭಾಗ ಟಯರಿನ ಗೋಡೆಯ ಎತ್ತರ, ಅಂದರೆ 164.5. ಮೇಲೊಂದು ಕೆಳಗೊಂದು ಗೋಡೆ, ಒಟ್ಟು 329. ನಡುವೆ 16 ಇಂಚಿನ ರಿಮ್ಮು, 406 ಮಿಲಿಮೀಟರು. ಕೂಡಿಸಿದರೆ 735. ಹೊಸ ಟಯರಿಗೆ ಇದೇ ಲೆಕ್ಕ ಹಾಕಿದರೆ 774 ಹತ್ತಿರ ಬರುತ್ತದೆ. ನೂರಕ್ಕೆ 5 ಜಾಸ್ತಿ. ಚಕ್ರ ಒಂದು ಸುತ್ತು ತಿರುಗಿದರೆ ಗಾಡಿ ಮೊದಲಿಗಿಂತ 5 ಪರ್ಸೆಂಟ್ ದೂರ ಹೋಗುತ್ತದೆ, ಆದರೆ ಮೀಟರ್ ಎಣಿಸುವುದು ಸುತ್ತನ್ನು. ಅದಕ್ಕೆ ಟಯರು ಬದಲಾದದ್ದು ಗೊತ್ತೇ ಇಲ್ಲ.

ಇದರಿಂದ ಏನಾಯಿತು? ನಾನು ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿದಾಗ 60 ಲೀಟರ್ ಹಿಡಿಯಿತು, ಮೀಟರಲ್ಲಿ 510 ಇತ್ತು. ಭಾಗಿಸಿದರೆ 8.5. ನಿಜವಾಗಿ ಗಾಡಿ ಓಡಿದ್ದು ಸುಮಾರು 537 ಕಿಲೋಮೀಟರ್, ಅಂದರೆ 9 ಹತ್ತಿರ. ಅರ್ಧ ಕಿಲೋಮೀಟರ್ ಮೈಲೇಜ್ ಹೋದದ್ದು ಬರೀ ಲೆಕ್ಕದಲ್ಲಿ. ಅದರ ಜೊತೆಗೆ, 90 ಅಂತ ನಂಬಿಕೊಂಡು ನಾನು 93ರಲ್ಲಿ ಹೋಗುತ್ತಿದ್ದೆ. ಊರಲ್ಲಿ ಯಾವತ್ತೂ 75 ದಾಟದವನು. ಗಾಳಿಯ ತಡೆ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. 75ರಿಂದ 93ಕ್ಕೆ ಹೋದರೆ ಒಂದೂವರೆ ಪಟ್ಟಿಗೂ ಜಾಸ್ತಿ. ಅದು ಮೇಲೇನೂ ಇಲ್ಲದ ಗಾಡಿಗೆ. ನನ್ನದರ ಮೇಲೆ ಸಂತೆಯೇ ಇತ್ತು.

ಆದರೆ ನನ್ನ ತಲೆಯಲ್ಲಿ ಉಳಿದದ್ದು 12 ಮತ್ತು 8.5, ಎರಡೇ ಅಂಕಿ. ಊರಿಗೆ ಬಂದವನೇ ವರ್ಕ್‌ಶಾಪಿಗೆ ಹೋದೆ. ಆತ ಬಾನೆಟ್ ತೆಗೆದು, ಸ್ಟಾರ್ಟ್ ಮಾಡಿಸಿ, ಒಂದು ನಿಮಿಷ ಕಿವಿಗೊಟ್ಟು, "ಇಂಜೆಕ್ಟರ್ ಹೋಗಿರ್ಬೇಕು ಅಣ್ಣ" ಅಂದ. ನಾನು ಹೂಂ ಅಂದೆ. ನಾಲ್ಕೂ ಬದಲಾಯಿತು. ಮುಂದಿನ ಸಲ ದೂರ ಹೋದಾಗಲೂ ಅದೇ 8.5.

ಇಂಜೆಕ್ಟರ್ ಹೋದರೆ ಗಾಡಿಯೇ ಹೇಳುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ನಿಂತಲ್ಲೇ ಗಡಗಡ ಅನ್ನುತ್ತದೆ, ಹೊಗೆ ಬರುತ್ತದೆ. ಕೆಲವೊಮ್ಮೆ ಇಂಜಿನ್ ಆಯಿಲಿಗೆ ಡೀಸೆಲ್ ಸೇರಿ ಆಯಿಲಿನ ಮಟ್ಟ ಮೇಲೇರುತ್ತದೆ. ನನ್ನದಕ್ಕೆ ಇದ್ಯಾವುದೂ ಇರಲಿಲ್ಲ. ಅನುಮಾನ ಇದ್ದರೆ ರಿಟರ್ನ್ ಟೆಸ್ಟ್ ಮಾಡಿಸಿ. ಪ್ರತಿ ಇಂಜೆಕ್ಟರಿನಿಂದ ವಾಪಸ್ ಬರುವ ಡೀಸೆಲ್ಲನ್ನು ಪೈಪ್ ಹಾಕಿ ಒಂದೊಂದು ಸಣ್ಣ ಬಾಟಲಿಗೆ ಬಿಡುತ್ತಾರೆ. ಇಂಜಿನ್ ಸ್ವಲ್ಪ ಹೊತ್ತು ಓಡಿದ ಮೇಲೆ ಒಂದು ಬಾಟಲಿ ಮಾತ್ರ ಬೇಗ ತುಂಬಿದ್ದರೆ ಆ ಇಂಜೆಕ್ಟರ್ ಸವೆದಿದೆ. ನಾಲ್ಕೂ ಸಮ ಇದ್ದರೆ ಕಿಸೆಗೆ ಕೈ ಹಾಕಬೇಡಿ. ಈ ಟೆಸ್ಟಿಗೆ ಆಗುವ ಖರ್ಚು ಒಂದು ಇಂಜೆಕ್ಟರಿನ ಬೆಲೆಯ ಮುಂದೆ ಏನೂ ಅಲ್ಲ.

ಕೊನೆಗೆ ವಿಷಯ ಹೊಳೆದದ್ದು ಕುಂಬಳೆಯಲ್ಲಿ ಅಲೈನ್‌ಮೆಂಟ್ ಮಾಡಿಸುವಾಗ. ಅಲ್ಲಿನ ಹುಡುಗ ಟಯರಿನ ಬದಿಯ ಅಂಕಿ ಓದಿ, "ಕಂಪನಿ ಸೈಜ್ ಅಲ್ಲವಲ್ಲ ಇದು, ಮೀಟರ್ ಲೆಕ್ಕ ಹೇಗೆ ಮಾಡ್ತೀರಿ?" ಅಂತ ಕೇಳಿದ. ಅಲ್ಲೇ ನಿಂತು ಮೊಬೈಲಲ್ಲಿ ಗುಣಿಸಿ ನೋಡಿದೆ. ಅಕ್ಕನ ಮಗನಿಗೆ ಇವತ್ತಿಗೂ ಹೇಳಿಲ್ಲ.

ಮನೆಗೆ ಬಂದು ಕ್ಯಾರಿಯರ್ ಬಿಚ್ಚಿದೆ. ನಿಜವಾದ 80 ದಾಟದೆ ಹುಬ್ಬಳ್ಳಿವರೆಗೆ ಹೋಗಿ ಬಂದಾಗ, ದೂರ ಸರಿಪಡಿಸಿದ ಮೇಲೆ 11ಕ್ಕೂ ಸ್ವಲ್ಪ ಮೇಲೆ ಬಂತು. ಉಳಿದದ್ದು ಮಡ್ ಟಯರಿನ ಪಾಲು. ಆ ದಪ್ಪ ಹಲ್ಲು ಡಾಮರಿನಲ್ಲಿ ಬರೀ ಭಾರ, ಮೇಲಿಂದ ಗುಂಯ್ ಅನ್ನುವ ಶಬ್ದ. ಆ ಟಯರು ಸವೆದ ಮೇಲೆ ಕಂಪನಿ ಸೈಜಿಗೇ ವಾಪಸ್ ಬಂದೆ. ತೋಟದ ಕೆಸರಿಗೆ ಅದೇ ಸಾಕಾಗುತ್ತದೆ.

ಈಗ ನಿಮ್ಮ ಪ್ರಶ್ನೆಗೆ. ರೀಮ್ಯಾಪ್ ಮಾಡಿದರೆ ಇಂಜಿನ್ನಿನ ಜೋರು ಹೆಚ್ಚುತ್ತದೆ, ಸರಿ. ಆದರೆ ಆ ಜೋರನ್ನು ಬಳಸದೆ ಓಡಿಸುವವರನ್ನು ನಾನು ಕಂಡಿಲ್ಲ. ವಾರಂಟಿಯೂ ಹೋಗುತ್ತದೆ. ಡೀಸೆಲ್ಲಿಗೆ ಬೆರೆಸುವ ಬಾಟಲಿ ಔಷಧಿಗಳ ಬಗ್ಗೆ ನನಗೆ ಗೌರವವಿಲ್ಲ. ಟರ್ಬೊವನ್ನೂ ದೂರಬೇಡಿ. ಅದು ಸೈಲೆನ್ಸರಿನಿಂದ ಹೊರಗೆ ಹೋಗುವ ಬಿಸಿ ಹೊಗೆಯಿಂದಲೇ ತಿರುಗಿ ಒಳಗೆ ಹೆಚ್ಚು ಗಾಳಿ ತಳ್ಳುತ್ತದೆ. ಕಾಲು ಒತ್ತಿದಷ್ಟು ಡೀಸೆಲ್, ಡೀಸೆಲ್ ಉರಿದಷ್ಟು ಗಾಳಿ. ನೋಡಬೇಕಾದ್ದು ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸನ್ನು. ಅದು ಬಿರಿದಿದ್ದರೆ ಏರು ದಾರಿಯಲ್ಲಿ ಸುಯ್ ಅನ್ನುತ್ತದೆ, ಕಪ್ಪು ಹೊಗೆ ಬರುತ್ತದೆ, ಎಳೆಯುವುದಿಲ್ಲ. ಕ್ಲಿಪ್ಪಿನ ಸುತ್ತ ಎಣ್ಣೆ ಪಸೆ ಕಂಡರೆ ಬಿಗಿ ಮಾಡಿಸಿ. ಏರ್ ಫಿಲ್ಟರ್ ಒಮ್ಮೆ ತೆಗೆದು ಬಿಸಿಲಿಗೆ ಹಿಡಿದು ನೋಡಿ. ಮುರಕಲ್ಲಿನ ಕ್ವಾರಿ ಇರುವ ನಮ್ಮಂಥ ಊರಲ್ಲಿ ಕೆಂಪು ದೂಳು ಬೇಗ ಕಟ್ಟುತ್ತದೆ. ಇಪ್ಪತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕೂ ರಿಮ್ಮಿನ ಹತ್ತಿರ ಕೈ ಹಿಡಿಯಿರಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ.

ಫೋರ್ ವೀಲ್ ಇರುವುದರಿಂದಲೇ ಡೀಸೆಲ್ ಜಾಸ್ತಿ ಅನ್ನುವುದೂ ಅರ್ಧ ಸತ್ಯ. ಟೂ ವೀಲಿನಲ್ಲಿ ಓಡುವಾಗ ಇಂಜಿನ್ ಎಳೆಯುವುದು ಹಿಂದಿನ ಚಕ್ರಗಳಿಂದ ಮಾತ್ರ. ಮುಖ್ಯ ಖರ್ಚು ಫೋರ್ ವೀಲಿಗೆಂದು ಕೂರಿಸಿದ ಸಾಮಾನುಗಳ ತೂಕದ್ದು, ಡಬ್ಬದಂಥ ಎತ್ತರದ ಮೈಯದ್ದು. ಆದರೆ ಒಣ ಡಾಮರಿನಲ್ಲಿ ಫೋರ್ ಹೈ, ಅಂದರೆ ನಾಲ್ಕೂ ಚಕ್ರ ಎಳೆಯುವ ಹಾಗೆ, ಹಾಕಿ ಓಡಿಸಬೇಡಿ. ಪಾರ್ಟ್ ಟೈಮ್ ಗಾಡಿಗೆ ನಡುವೆ ಡಿಫರೆನ್ಷಿಯಲ್ (ಮುಂದಿನ ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಲ್ಲ. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರ ಬೇರೆ ಬೇರೆ ದೂರ ಹೋಗಬೇಕು, ಅದಕ್ಕೆ ಬಿಡುವಿರುವುದಿಲ್ಲ. ಸ್ಟೇರಿಂಗ್ ಗಟ್ಟಿಯಾಗಿ ಟಯರು ಕಿರ್ ಅಂತ ಉಜ್ಜುತ್ತದೆ.

ಬೆಟ್ಟದ ಲೆಕ್ಕ ಬೇರೆ. ಕಾಸರಗೋಡಿನ ಸಮುದ್ರ ಮಟ್ಟದಿಂದ ಸುಳ್ಯ, ಸಂಪಾಜೆ ದಾಟಿ ಮಡಿಕೇರಿ ಸೇರುವಾಗ ಸಾವಿರದ ನೂರು ಮೀಟರಿಗೂ ಮೇಲೆ ಹತ್ತಿರುತ್ತೀರಿ. ಜನ, ಸಾಮಾನು ಸೇರಿ 2.4 ಟನ್ ಅಂತ ಇಟ್ಟರೂ, ಆ ಭಾರವನ್ನು ಮೇಲೆತ್ತಲು ಮಾತ್ರವೇ 2 ಲೀಟರಿಗೂ ಜಾಸ್ತಿ ಡೀಸೆಲ್ ಬೇಕು. ಯಾವ ರೀಮ್ಯಾಪೂ ಅದನ್ನು ಉಳಿಸುವುದಿಲ್ಲ. ಇಳಿಯುವಾಗ ಸ್ವಲ್ಪ ವಾಪಸ್ ಪಡೆಯಬಹುದು: ಗೇರಲ್ಲೇ ಇಳಿಸಿ. ಈಗಿನ ಡೀಸೆಲ್ ಇಂಜಿನ್ನುಗಳು ಗೇರಲ್ಲಿದ್ದು ಕಾಲು ತೆಗೆದರೆ ಡೀಸೆಲ್ ಬಿಡುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ನಿಲ್ಲದಿರಲು ಡೀಸೆಲ್ ಬೇಕೇ ಬೇಕು, ಬ್ರೇಕೂ ಕಾದು ಕೈಕೊಡುತ್ತದೆ.

ಕಂಪನಿ ಹೇಳಿದ ಮೈಲೇಜನ್ನು ಮರೆತುಬಿಡಿ. ಅದು ಲ್ಯಾಬಿನಲ್ಲಿ ರೋಲರಿನ ಮೇಲೆ ಓಡಿಸಿ ತೆಗೆದದ್ದು, ಅಲ್ಲಿ ಸಂಪಾಜೆ ಘಾಟಿಯೂ ಇಲ್ಲ, ನೀಲಿ ಟರ್ಪಾಲೂ ಇಲ್ಲ. ಟೂರಿಗೆ ಬೇಕಾದ್ದು ಒಂದೇ ಅಂಕಿ: ಪೂರ್ತಿ ಭಾರ ಹೇರಿ ಹೊರಟಾಗ ಒಂದು ಟ್ಯಾಂಕಿನಲ್ಲಿ ಎಷ್ಟು ದೂರ ಹೋಗುತ್ತೀರಿ. ಅದರಲ್ಲಿ ಕಾಲು ಭಾಗ ಬಿಟ್ಟು ಮುಂದಿನ ಪಂಪ್ ಎಲ್ಲಿ ಅಂತ ನೋಡಿಟ್ಟುಕೊಳ್ಳಿ.

ದುಡ್ಡು ಉಳಿಸುವುದೇ ಮುಖ್ಯವಾದರೆ ನಮ್ಮ ಕಡೆಯವರು ಮಾಡುವ ಹಾಗೆ ಮಾಡಿ. ಬಡಗು ದಿಕ್ಕಿಗೆ ಹೊರಟರೆ ಗಡಿಯ ತಲಪಾಡಿ ದಾಟಿ ಕರ್ನಾಟಕದಲ್ಲಿ ತುಂಬಿಸಿ, ತೆಂಕು ದಿಕ್ಕಿಗಾದರೆ ಪುದುಚೇರಿಗೆ ಸೇರಿದ ಮಾಹೆಯಲ್ಲಿ. ಎರಡು ಕಡೆಯೂ ಕೇರಳಕ್ಕಿಂತ ಅಗ್ಗ. ಅದಕ್ಕೆಂದೇ ಹೋಗಬೇಡಿ, ಹೋದ ಡೀಸೆಲ್ ಲೆಕ್ಕಕ್ಕೆ ಬರುತ್ತದೆ.

ಮೊದಲು ಕ್ಯಾರಿಯರ್ ಬಿಚ್ಚಿ. ಒಂದೇ ಪಂಪಿನಲ್ಲಿ, ನಾಜಲ್ ತಾನಾಗಿ ಮೊದಲ ಸಲ ನಿಂತಲ್ಲಿಗೆ ತುಂಬಿಸಿ, ಎರಡು ಮೂರು ಟ್ಯಾಂಕ್ ಅಳೆಯಿರಿ. ದೂರವನ್ನು ಮೊಬೈಲಿನ ಮ್ಯಾಪಿನಿಂದ ತೆಗೆದುಕೊಳ್ಳಿ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆಯ ಹೊಸ ನಿಯಮದ) ಗಾಡಿಯಾದರೆ ಒಂದೇ ಟ್ಯಾಂಕ್ ನೋಡಿ ಹೆದರಬೇಡಿ. ಸೈಲೆನ್ಸರಿನ ಫಿಲ್ಟರಲ್ಲಿ ಕಟ್ಟಿದ ಮಸಿಯನ್ನು ಸುಡಲು ಅದು ಆಗಾಗ ಸ್ವಲ್ಪ ಡೀಸೆಲ್ ಹೆಚ್ಚಿಗೆ ಬಳಸುತ್ತದೆ. ಅಳೆದಾದ ಮೇಲೆ ಹಳೇ ಟಯರು, ಹೊಸ ಟಯರು ಎರಡರ ಸೈಜನ್ನೂ ಇಲ್ಲಿ ಹಾಕಿ, ಲೆಕ್ಕ ನಾನೇ ಮಾಡಿಕೊಡುತ್ತೇನೆ.