ಅಪ್ಪ ಅಮ್ಮನನ್ನು ಲಂಡನ್ನಿನಲ್ಲಿ ಎಲ್ಲಿ ಕೂರಿಸೋದು?

ನಮಸ್ಕಾರ. ನೀವು ಬರೆದಿದ್ದನ್ನು ಓದಿದೆ. ಬಂದು ನಾಲ್ಕು ತಿಂಗಳಾಗಿದೆ, ಮೇ ತಿಂಗಳಲ್ಲಿ ದಾವಣಗೆರೆಯಿಂದ ಅಪ್ಪ ಅಮ್ಮ ಬರುತ್ತಾರೆ, ಕೈಯಲ್ಲಿ ಪುಟ್ಟ ಮಗು ಇದೆ. "ಕಾಫಿ ಕೊಳ್ಳದೆ ಎಲ್ಲೂ ಕೂರೋಕೆ ಆಗಲ್ಲ, ನಮ್ಮನ್ನು ಕಂಡರೆ ಇವರಿಗೆ ಆಗಲ್ವಾ?" ಅಂತ ಕೇಳಿದ್ದೀರಿ.

ನಾನು ಬಂದು ಹತ್ತೊಂಬತ್ತು ವರ್ಷವಾಯಿತು. ಮುಖ ನೋಡಿ ಮಣೆ ಹಾಕುವುದು ಇಲ್ಲೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಿಮ್ಮ ಬೇಸರದಲ್ಲಿ ಅರ್ಧ ಮುಖದ್ದಲ್ಲ, ಮಣೆಯದ್ದೇ.

ನಮ್ಮಪ್ಪ ಮೊದಲ ಸಲ ಬಂದಾಗ ಬಸ್ ಸ್ಟಾಪಿನಲ್ಲಿ ಕೂರಲು ಹೋದರು. ಒಂದು ಗೇಣು ಅಗಲದ ಸೀಟು, ಮುಂದಕ್ಕೆ ಇಳಿಜಾರು. ಕೂತರು, ಜಾರಿದರು, ಮತ್ತೆ ಹಿಂದೆ ಸರಿದರು, ಮತ್ತೆ ಜಾರಿದರು. ಕೊನೆಗೆ ಎದ್ದು ನಿಂತು, "ಇದು ಕೂರೋಕಲ್ಲ ಕಣೋ, ಒರಗೋಕೆ ಮಾಡಿದ್ದು" ಅಂದರು. ಅವರ ಮಾತು ಸರಿಯಾಗೇ ಇತ್ತು. ಈ ಜಾತಿಯ ಸೀಟುಗಳಲ್ಲಿ ಹೆಸರುವಾಸಿ ಎಂದರೆ 2012ರಲ್ಲಿ ಲಂಡನ್ನಿನ ಒಂದು ಬಡಾವಣೆಗೆ ಬಂದ 'ಕ್ಯಾಮ್‌ಡೆನ್ ಬೆಂಚು'. ಒಂದೇ ದೊಡ್ಡ ಕಾಂಕ್ರೀಟ್ ದಿಮ್ಮಿ, ಮೇಲ್ಮೈಯೆಲ್ಲ ಏರುತಗ್ಗು. ಮಲಗಲು ಆಗುವುದಿಲ್ಲ, ಸ್ಕೇಟ್‌ಬೋರ್ಡ್ ಓಡಿಸಲು ಆಗುವುದಿಲ್ಲ, ಏನನ್ನಾದರೂ ಬಚ್ಚಿಡಲು ಸಂದಿಯೇ ಇಲ್ಲ. ಬ್ಯಾಗ್ ಕಳುವಾಗದಂತೆ ಕಾಲ ಹಿಂದೆ ಇಡಲು ಕೆಳಗೆ ಒಂದು ಕೊರಕಲು ಮಾತ್ರ ಕೊಟ್ಟಿದ್ದಾರೆ. ಮನೆಯಿಲ್ಲದವರು ಮಲಗಬಾರದು ಅಂತ ಮಾಡಿದ್ದು ಮಂಡಿನೋವಿನ ಮುದುಕರಿಗೂ ತಾಗುತ್ತದೆ.

ಇದರಲ್ಲೂ ಒಂದು ತಮಾಷೆ ಇದೆ. ಬೆಂಚಿನ ನಡುವೆ ಕಬ್ಬಿಣದ ಕೈ ಇಡುವುದೂ ಯಾರೂ ಮಲಗದಿರಲಿ ಅಂತಲೇ, ನೋಡಿದರೆ ನನಗೆ ಸಿಟ್ಟು ಬರುತ್ತದೆ. ಅಪ್ಪನಿಗೆ ಮಾತ್ರ ಅದು ಇಷ್ಟ. ಅದನ್ನು ಹಿಡಿದುಕೊಂಡೇ ಅವರು ಎದ್ದೇಳುವುದು.

ಇನ್ನು ಚೌಕಗಳ ವಿಷಯ. ಕಿಂಗ್ಸ್ ಕ್ರಾಸ್ ಹತ್ತಿರದ ಗ್ರಾನರಿ ಸ್ಕ್ವೇರ್‌ಗೆ ಮಗುವನ್ನು ಕರೆದುಕೊಂಡು ಹೋಗಿ. ನೆಲದಿಂದ ಸಾವಿರಕ್ಕೂ ಜಾಸ್ತಿ ಕಾರಂಜಿ ಚಿಮ್ಮುತ್ತವೆ, ಬೇಸಿಗೆಯಲ್ಲಿ ಎಲ್ಲ ಬಣ್ಣದ ಮಕ್ಕಳೂ ಒದ್ದೆಯಾಗಿ ಕುಣಿಯುತ್ತಿರುತ್ತವೆ. ನೋಡಲು ಊರಿನ ಚೌಕದಂತೆಯೇ ಇದೆ, ಆದರೆ ಅದು ಖಾಸಗಿ ಜಾಗ. ಲಂಡನ್ನಿನಲ್ಲಿ ಇಂಥವು ಬಹಳ. ಗೋಡೆ ಇಲ್ಲ, ಟಿಕೆಟ್ ಇಲ್ಲ. ನಿಯಮ ಮಾತ್ರ ಜಾಗದ ಒಡೆಯರದ್ದು. ಒಂದು ಸಲ ಬೇರೊಂದು ಚೌಕದಲ್ಲಿ ನಾವು ನಾಲ್ಕು ಮನೆಯವರು ಜಮಖಾನ ಹಾಸಿ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಎರಡು ತುತ್ತು ಹೋಗಿತ್ತೋ ಇಲ್ಲವೋ, ಗಾರ್ಡ್ ಬಂದ. ತುಂಬಾ ಮರ್ಯಾದೆಯಿಂದಲೇ ಎಬ್ಬಿಸಿದ. ಪಕ್ಕದ ಹೋಟೆಲಿನವರು ಅದೇ ನೆಲದ ಮೇಲೆ ಕುರ್ಚಿ ಹಾಕಿದ್ದರು, ಅವರನ್ನು ಯಾರೂ ಕೇಳಲಿಲ್ಲ. ಆವತ್ತು ನನಗೂ ನಿಮ್ಮ ಹಾಗೇ ಅನ್ನಿಸಿತ್ತು.

ಹಾಗಂತ ಊರಿನ ಜಗಲಿಯನ್ನು ನೆನೆದು ಕಣ್ಣೀರು ಹಾಕಬೇಡಿ. ಆ ಜಗಲಿಯ ಮೇಲೆ ಯಾರನ್ನು ಕೂರಿಸುತ್ತಿರಲಿಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮನೆಕೆಲಸದವರಿಗೆ ಬೇರೆ ಲಿಫ್ಟ್ ಅಂತ ಬೋರ್ಡ್ ಹಾಕುತ್ತಾರಲ್ಲ, ಇಲ್ಲೂ ಅದೇ ಬುದ್ಧಿ. ದಕ್ಷಿಣ ಲಂಡನ್ನಿನ ಲ್ಯಾಂಬೆತ್‌ನಲ್ಲಿ, ಹಳೆಯ ಶಾಲೆಯೊಂದರ ಜಾಗದಲ್ಲಿ ಮನೆ ಕಟ್ಟಿದರು. ಕೊಂಡವರ ಮಕ್ಕಳಿಗೆ ದೊಡ್ಡ ಆಟದ ಜಾಗ. ಅದೇ ಆವರಣದ ಕಡಿಮೆ ಬಾಡಿಗೆ ಮನೆಗಳ ಮಕ್ಕಳಿಗೆ ಅಲ್ಲಿಗೆ ಪ್ರವೇಶವಿಲ್ಲ, ನಡುವೆ ಗಿಡದ ಬೇಲಿ. ಆ ಮಕ್ಕಳು ಕಿಟಕಿಯಿಂದ ಆಟ ನೋಡಬೇಕಿತ್ತು. 2019ರಲ್ಲಿ ತಾಯಂದಿರು ದನಿ ಎತ್ತಿದರು, ಪತ್ರಿಕೆಯಲ್ಲಿ ಬಂತು. ಮನೆ ಕೊಂಡವರಲ್ಲೂ ಹಲವರು ಅವರ ಜೊತೆ ನಿಂತರು. ಜಾಗ ತೆರೆಯಿತು. ಹೊಸ ಕಟ್ಟಡಗಳಲ್ಲಿ ಮಕ್ಕಳ ಆಟದ ಜಾಗವನ್ನು ಹೀಗೆ ಬೇರೆ ಮಾಡುವಂತಿಲ್ಲ ಅಂತ ಊರಿನ ಕಟ್ಟಡ ಯೋಜನೆಯ ನಿಯಮಗಳಾದ 2021ರ ಲಂಡನ್ ಪ್ಲಾನ್‌ನಲ್ಲೇ ಬಂತು.

ಬಸ್ಸಿನಲ್ಲೂ ಜಾಗ ಯಾರದ್ದು ಅನ್ನುವ ಪ್ರಶ್ನೆ ಇದೆ. ಗಾಲಿಕುರ್ಚಿಯ ಜಾಗದಲ್ಲಿ ನಿಮ್ಮ ತಳ್ಳುಗಾಡಿ ನಿಲ್ಲಿಸಬಹುದು. ಆದರೆ ಗಾಲಿಕುರ್ಚಿಯವರು ಬಂದರೆ, ಮಗು ಮಲಗಿದ್ದರೂ ಎತ್ತಿಕೊಂಡು ಗಾಡಿ ಮಡಚಿ. ಇಂಥ ಒಂದು ಜಗಳವೇ 2017ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ತನಕ ಹೋಯಿತು. ಸುಮ್ನೆ ಕೇಳಿ ಬಿಟ್ಟುಬಿಡುವುದು ಸಾಲದು, ಜಾಗ ಬಿಡಿಸಲು ಡ್ರೈವರ್ ಇನ್ನೂ ಪ್ರಯತ್ನ ಮಾಡಬೇಕು ಎಂದಿತು ಕೋರ್ಟು.

ಅಪ್ಪ ಅಮ್ಮ ಬಂದಾಗ ಟ್ಯೂಬ್‌ಗಿಂತ ಬಸ್ಸೇ ವಾಸಿ. ಟ್ಯೂಬ್ ಅಂದರೆ ಇಲ್ಲಿನ ನೆಲದಡಿಯ ರೈಲು, ಶುರುವಾಗಿದ್ದು 1863ರಲ್ಲಿ. ಅದರ 272 ನಿಲ್ದಾಣಗಳಲ್ಲಿ ಮೆಟ್ಟಿಲಿಲ್ಲದೆ ಹೋಗಬಹುದಾದದ್ದು ಸುಮಾರು ಮೂರರಲ್ಲಿ ಒಂದು. 2022ರಲ್ಲಿ ಬಂದ ಹೊಸ ರೈಲುಮಾರ್ಗ ಎಲಿಜಬೆತ್ ಲೈನ್‌ನಲ್ಲಿ ಮಾತ್ರ ಎಲ್ಲ 41 ನಿಲ್ದಾಣಗಳಿಗೂ ಮೆಟ್ಟಿಲಿಲ್ಲದೆ ಹೋಗಬಹುದು. ಮೆಟ್ಟಿಲಿಲ್ಲದ ನಿಲ್ದಾಣಗಳನ್ನೇ ತೋರಿಸುವ ಬೇರೆ ನಕ್ಷೆ ಸಿಗುತ್ತದೆ, ಈಗಲೇ ಫೋನಿಗೆ ಹಾಕಿಕೊಳ್ಳಿ.

ಮಳೆ ಬಂದರೆ ಲೈಬ್ರರಿ. ನಿಮ್ಮ ಬಡಾವಣೆಯದ್ದಕ್ಕೇ ಹೋಗಿ, ಯಾರೂ ಏನೂ ಕೇಳುವುದಿಲ್ಲ. ವೈಟ್‌ಚಾಪಲ್‌ನಲ್ಲಿ ಲೈಬ್ರರಿಗೆ 'ಐಡಿಯಾ ಸ್ಟೋರ್' ಅಂತ ಹೆಸರಿಟ್ಟು, ಗಾಜಿನ ಕಟ್ಟಡ ಕಟ್ಟಿ, 2005ರಲ್ಲಿ ತೆರೆದರು. ಬಾಗಿಲು ಸಂತೆ ಬೀದಿಗೇ ತೆರೆದುಕೊಳ್ಳುತ್ತದೆ. ತರಕಾರಿ ಚೀಲ ಹಿಡಿದ ಅಜ್ಜಿಯರು ಹಾಗೇ ಒಳಗೆ ಬರುತ್ತಾರೆ. ಹೆಸರು ನನಗೆ ಅಷ್ಟು ಹಿಡಿಸಲಿಲ್ಲ, ಬಾಗಿಲು ಹಿಡಿಸಿತು.

ಬಿಸಿಲು ಬಂದ ದಿನ ಥೇಮ್ಸ್ ದಂಡೆಗೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಹೋಗಿ. ಲ್ಯಾಂಬೆತ್ ಸೇತುವೆ ಪಕ್ಕದಲ್ಲೇ ಬಸವಣ್ಣನ ಪ್ರತಿಮೆ ಇದೆ, 2015ರ ನವೆಂಬರ್ 14ರಂದು ಅನಾವರಣ ಆಗಿದ್ದು. ನಾನು ಹೇಳಿದ ಆ ಬೇಲಿಯ ಜಾಗ ಅಲ್ಲಿಂದ ನಡೆದು ಹೋಗುವಷ್ಟೇ ದೂರ. ಟಿಕೆಟ್ ಇಲ್ಲ, ಎಬ್ಬಿಸುವವರಿಲ್ಲ. ಡಬ್ಬಿ ಬಿಚ್ಚಬಹುದು. ನದಿಯ ಗಾಳಿ ಮಾತ್ರ ಮೇ ತಿಂಗಳಲ್ಲೂ ಚಳಿ. ಅಮ್ಮನಿಗೆ ಸ್ವೆಟರ್ ಹಾಕಿಸಿ, ಅಪ್ಪನಿಗೆ ಒಂದು ತೆಳು ದಿಂಬು ಇಟ್ಟುಕೊಳ್ಳಿ.